ಮಳೆಗೆ ಒಡ್ಡುವ ಬಣ್ಣದ ಮರದ ಫಲಕ: ನೀರು ಒಳಹೋಗುವ ದಾರಿಗಳು

ಉದಾಹರಣೆಗೆ ಗೇಟಿನ ಪಕ್ಕದ ಗೋಡೆಗೆ ಹಾಕುವ ಹೆಸರಿನ ಫಲಕವೊಂದನ್ನು ಇಟ್ಟುಕೊಳ್ಳೋಣ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 25 ಮಿ.ಮೀ. ದಪ್ಪದ ತೇಗದ ಹಲಗೆ; ಮೇಲೆ ಅಕ್ರಿಲಿಕ್ ಬಣ್ಣದ ಅಕ್ಷರ, ಸುತ್ತ ಬಳ್ಳಿಯ ಚಿತ್ತಾರ. ಊರು ಕರಾವಳಿಯದು ಅಥವಾ ಮಲೆನಾಡಿನದು. ಎರಡನೇ ಮಳೆಗಾಲಕ್ಕೆ ಬಣ್ಣ ಎದ್ದುಬಂದರೆ ಎಲ್ಲರೂ ವಾರ್ನಿಷ್ ಮೇಲೆ ಗೂಬೆ ಕೂರಿಸುತ್ತಾರೆ. ಆದರೆ ಎದುರು ಮುಖದಿಂದ ಒಳಹೋಗುವ ನೀರು ಕಡಿಮೆ. ಕೊಯ್ದ ತುದಿ, ಸ್ಕ್ರೂ ತೂತು, ಬಣ್ಣ ಕಾಣದ ಹಿಂಬದಿ, ಇವು ಮೂರೇ ದೊಡ್ಡ ದಾರಿ.

ಮರದೊಳಗಿನ ಸೂಕ್ಷ್ಮ ನಾಳಗಳು ಉದ್ದಕ್ಕೆ ಓಡುತ್ತವೆ. ಅಡ್ಡ ಕೊಯ್ದ ತುದಿಯಲ್ಲಿ ಅವುಗಳ ಬಾಯಿ ತೆರೆದಿರುವುದರಿಂದ ಅಲ್ಲಿ ನೀರು ಮುಖಕ್ಕಿಂತ ಹಲವು ಪಟ್ಟು ಬೇಗ ಏರುತ್ತದೆ. ನೀರು ಕುಡಿದ ಮರ ಉದ್ದದಲ್ಲಿ ಬೆಳೆಯುವುದು ಲೆಕ್ಕಕ್ಕಿಲ್ಲ, ಅಗಲದಲ್ಲಿ ಬೆಳೆಯುತ್ತದೆ. ತೇವಾಂಶ ಶೇ 10ರಿಂದ 18ಕ್ಕೆ ಏರಿದರೆ 30 ಸೆಂ.ಮೀ. ಅಗಲದ ತೇಗ, ಸೀಳಿದ ರೀತಿಗೆ ತಕ್ಕಂತೆ, ಸುಮಾರು 2ರಿಂದ 4.5 ಮಿ.ಮೀ. ಹಿಗ್ಗುತ್ತದೆ. ಬಿರುಸಾದ ಬಣ್ಣದ ಪದರ ಅಷ್ಟು ಹಿಗ್ಗಲಾರದೆ ಸೀಳುತ್ತದೆ. ಹಿಂಬದಿ ಹಾಗೇ ಬಿಟ್ಟಿದ್ದರೆ ಅದೊಂದೇ ಬದಿ ಉಬ್ಬಿ, ಹಲಗೆಯ ಅಂಚುಗಳು ನೋಡುಗರ ಕಡೆಗೆ ಬಾಗುತ್ತವೆ.

ಹಾಗಾಗಿ ಮೊದಲ ಕೆಲಸ ಮರವನ್ನು ಒಣಗಿಸುವುದು. ತೇವಾಂಶ ಶೇ 15ಕ್ಕಿಂತ ಕೆಳಗಿರಬೇಕು, 12ರ ಹತ್ತಿರ ಇದ್ದರೆ ಒಳ್ಳೆಯದು. ಮೀಟರ್ ಇಲ್ಲದವರು ನೆರಳಲ್ಲಿ ಗಾಳಿಯಾಡುವಂತೆ ಇಟ್ಟು ದಿನಕ್ಕೊಮ್ಮೆ ತೂಗಬಹುದು. ತೂಕ ನಾಲ್ಕೈದು ದಿನ ಇಳಿಯದಿದ್ದರೆ ಮರ ಆ ಹವೆಗೆ ಹೊಂದಿಕೊಂಡಿದೆ ಎಂದರ್ಥ. ಇದನ್ನು ಜನವರಿಯಿಂದ ಏಪ್ರಿಲ್ ಒಳಗೆ ಮಾಡಿ. ಜುಲೈಯಲ್ಲಿ ತೂಕ ಸ್ಥಿರವಾದರೂ ಮರ ಒಣಗಿರುವುದಿಲ್ಲ.

ಸ್ಕ್ರೂ ತೂತುಗಳನ್ನು ಈಗಲೇ ಕೊರೆಯಬೇಕು. ಬಣ್ಣ ಮುಗಿದ ಮೇಲೆ ಕೊರೆದರೆ ಬಣ್ಣ ತಾಗದ ಮರ ತೆರೆದುಕೊಂಡು ಅಷ್ಟು ಹೊತ್ತಿನ ಕೆಲಸ ನೀರಲ್ಲಿ ಹೋಮ. ಮೇಲಿನೆರಡು ತೂತು ದುಂಡಗಿರಲಿ. ಕೆಳಗಿನೆರಡನ್ನು ಮೇಲೆ-ಕೆಳಗೆ 5 ಮಿ.ಮೀ. ಉದ್ದ ಮಾಡಿ, ಮರ ಹಿಗ್ಗಲು ಜಾಗ ಬೇಕು. ಚೂಪು ಅಂಚಿನ ಮೇಲೆ ಬಣ್ಣ ನಿಲ್ಲದೆ ತೆಳುವಾಗುತ್ತದೆ, ಬಿರುಕು ಹುಟ್ಟುವುದೂ ಅಲ್ಲೇ. ಎಲ್ಲ ಅಂಚುಗಳನ್ನು 2-3 ಮಿ.ಮೀ. ದುಂಡಗೆ ಉಜ್ಜಿ. ಮೇಲಂಚಿಗೆ 15 ಡಿಗ್ರಿ ಇಳಿಜಾರು ಕೊಟ್ಟರೆ ನೀರು ನಿಲ್ಲುವುದಿಲ್ಲ.

80, 120, 180 ನಂಬರಿನ ಪಾಲಿಶ್ ಪೇಪರ್ ಕ್ರಮವಾಗಿ ಸಾಕು. ತೇಗದಲ್ಲಿರುವ ಎಣ್ಣೆ ಬಣ್ಣದ ಹಿಡಿತವನ್ನೂ ಒಣಗುವಿಕೆಯನ್ನೂ ಕೆಡಿಸುತ್ತದೆ. ಥಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ, ಬಟ್ಟೆಗೆ ಕಂದು ಹತ್ತುವುದು ನಿಲ್ಲುವವರೆಗೆ ಒರೆಸಿ, ಅದೇ ದಿನ ಮುಂದಿನ ಹಂತಕ್ಕೆ ಹೋಗಿ. ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ತುದಿಗಳಿಗೂ ತೂತುಗಳ ಒಳಗೋಡೆಗೂ ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ಎರಡು ಸಲ. ಮೊದಲನೆಯದನ್ನು ಮರ ಪೂರ್ತಿ ಕುಡಿದುಬಿಡುತ್ತದೆ. ಎರಡನೆಯದು ಮೇಲೆ ನಿಂತು ಹೊಳೆಯಬೇಕು. ಅದು ಪೂರ್ತಿ ಗಟ್ಟಿಯಾದ ಮೇಲೆ ನೀರಲ್ಲಿ ತೊಳೆದು, ಉಜ್ಜಿ, ಆಮೇಲೆ ಪ್ರೈಮರ್. ಅವಸರ ಮಾಡಿದರೆ ಎಣ್ಣೆ ಪ್ರೈಮರ್ ಅಲ್ಲಿ ಒಣಗದೆ ಅಂಟಂಟಾಗಿ ಉಳಿಯಬಹುದು. ಎಪಾಕ್ಸಿಗೆ ಬಿಸಿಲು ಆಗದು, ಅದನ್ನು ಬರಿದೇ ಬಿಡಬಾರದು.

ಪ್ರೈಮರ್ ಆರೂ ಮುಖಕ್ಕೆ ಎರಡು ಕೋಟ್, ನಡುವೆ 24 ಗಂಟೆ, ಪ್ರತಿ ಸಲ 220 ನಂಬರಿನಲ್ಲಿ ಲಘುವಾಗಿ ಉಜ್ಜುವುದು. ಕುಳಿ ತುಂಬಲು ಗೋಡೆಯ ಪುಟ್ಟಿ ಬಳಸಬೇಡಿ; ಅದು ಮರದ ಜೊತೆ ಹಿಗ್ಗದೆ ಬಿಲ್ಲೆಬಿಲ್ಲೆಯಾಗಿ ಉದುರುತ್ತದೆ.

ಅಕ್ಷರದ ಹಿಂದೆ ಮರದ ಬಣ್ಣ ಕಾಣಲಿ, ಮೇಲೆ ಬರೀ ವಾರ್ನಿಷ್ ಸಾಕು ಎನ್ನುವವರಿದ್ದಾರೆ. ನೋಡಲು ಚೆಂದ, ಬಾಳಿಕೆಗೆ ಅಲ್ಲ. ಪಾರದರ್ಶಕ ಪದರದ ಮೂಲಕ ಅತಿನೇರಳೆ ಕಿರಣ ಮರದ ನಾರುಗಳನ್ನು ಅಂಟಿಸಿಡುವ ಲಿಗ್ನಿನ್‌ವರೆಗೆ ಹೋಗಿ ಅದನ್ನು ಪುಡಿಯಾಗಿಸುತ್ತದೆ. ವಾರ್ನಿಷ್ ಗಟ್ಟಿಯಾಗಿದ್ದರೂ ಕೆಳಗಿನ ಹಿಡಿತ ಸಡಿಲುತ್ತದೆ. ಪೂರ್ತಿ ಮುಚ್ಚುವ ಹಿನ್ನೆಲೆ ಬಣ್ಣವೇ ಮೇಲು. ಕೆಮ್ಮಣ್ಣಿನ ಕೆಂಪು, ಮಣ್ಣಿನ ಹಳದಿಯಂಥ ಕಬ್ಬಿಣದ ಆಕ್ಸೈಡ್‌ಗಳು, ಟೈಟಾನಿಯಂ ಬಿಳಿ, ಕಾರ್ಬನ್ ಕಪ್ಪು ಬಿಸಿಲಿಗೆ ಜಗ್ಗುವುದಿಲ್ಲ. ಫ್ಲೋರೊಸೆಂಟ್ ಬಣ್ಣಗಳು ತಿಂಗಳುಗಳಲ್ಲೇ ಮಾಸುತ್ತವೆ.

ಅಕ್ರಿಲಿಕ್ ಬಣ್ಣ ಕನಿಷ್ಠ ಮೂರು ದಿನ, ತೇವದ ಹವೆಯಲ್ಲಿ ಒಂದು ವಾರ ಒಣಗಲಿ. ಮೇಲೆ ಹೊರಾಂಗಣಕ್ಕೆಂದೇ ಇರುವ ನೀರು ಆಧಾರಿತ ಪಿಯು (ಪಾಲಿಯುರೆಥೇನ್ ವಾರ್ನಿಷ್), ಮೂರು ತೆಳು ಕೋಟ್. ಥಿನ್ನರ್ ಬೆರೆಸುವ ಪಿಯು ಅಕ್ರಿಲಿಕ್ಕನ್ನು ಕರಗಿಸಿ ಸುಕ್ಕು ಎಬ್ಬಿಸಬಹುದು, ಮೊದಲು ತುಂಡು ಮರದ ಮೇಲೆ ನೋಡಿ. ಸಂಜೆ ಬಳಿದರೆ ರಾತ್ರಿಯ ಇಬ್ಬನಿಗೆ ಪದರ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳಿಗ್ಗೆ ಹತ್ತರ ನಂತರ ನೆರಳಿನಲ್ಲಿ ಬಳಿಯುವುದು ಸೂಕ್ತ. ಎರಡೂ ಬದಿ, ಅಂಚು ಸೇರಿ ಈ ಫಲಕ ಸುಮಾರು 0.4 ಚದರ ಮೀಟರ್. ಲೀಟರಿಗೆ 10 ಚದರ ಮೀಟರ್ ಎಂದರೆ ಕೋಟ್‌ಗೆ 40 ಮಿ.ಲೀ.; 200 ಮಿ.ಲೀ. ಡಬ್ಬಿ ಧಾರಾಳ.

ಚನ್ನಪಟ್ಟಣದ ಅರಗಿನ ಗೊಂಬೆಗಳನ್ನು ಹೊರಗಿಡಲು ಈ ಲೆಕ್ಕ ಹಿಡಿಯಬೇಡಿ. ಅರಗು ನೀರಿಗೆ ಬಿಳಿಚುತ್ತದೆ, ಬಿಸಿಲ ಝಳಕ್ಕೆ ಮೆತ್ತಗಾಗುತ್ತದೆ. ಅವು ಒಳಗೇ ಇರಲಿ.

ಗೋಡೆಗೂ ಫಲಕಕ್ಕೂ ನಡುವೆ 12 ಮಿ.ಮೀ. ಬುಷ್ (ಸ್ಕ್ರೂಗೆ ತೊಡಿಸುವ ಚಿಕ್ಕ ಕೊಳವೆ) ಕೊಟ್ಟು ಗಾಳಿಯಾಡಲು ಬಿಡಿ. ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಮರದಲ್ಲಿ ಕಪ್ಪು ಕಲೆ ಬಿಡುತ್ತದೆ. 304 ಸ್ಟೇನ್‌ಲೆಸ್, ಕಡಲ ತೀರದಲ್ಲಾದರೆ 316 ದರ್ಜೆಯ ಸ್ಕ್ರೂ ಹಾಕಿ.

ಪ್ರತಿ ಏಪ್ರಿಲ್‌ನಲ್ಲಿ ಕೆಳ ಅಂಚನ್ನೂ ತೂತುಗಳ ಸುತ್ತಲನ್ನೂ ನೋಡಿ. ಹೊಳಪು ಸತ್ತಿದ್ದರೆ 320ರಲ್ಲಿ ಉಜ್ಜಿ ಒಂದು ಕೋಟ್ ಸಾಕು. ಪದರದ ಕೆಳಗೆ ಕಪ್ಪು ಗೆರೆ ಕಂಡರೆ ನೀರು ಆಗಲೇ ಒಳಗಿದೆ. ಅದರ ಮೇಲೆ ಬಳಿಯದೆ, ಗಟ್ಟಿ ಪದರ ಸಿಗುವವರೆಗೆ ಕೆರೆದು, ಒಣಗಿಸಿ, ಎಪಾಕ್ಸಿಯಿಂದಲೇ ಮತ್ತೆ ಶುರು ಮಾಡಿ.