ಹಳೇ ಹೊಲಿಗೆ ಬಟ್ಟೆಯ ಮೇಲಿನ ಹೆಸರು ಹಿಡಿದು, ಹೊಲಿದವಳ ಮನೆತನ ಹುಡುಕಬಹುದಾ?

ಪ್ರಶ್ನೆ: ಇಂಗ್ಲೆಂಡಿನ ಮ್ಯೂಸಿಯಂಗಳಲ್ಲಿ, ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಗಿಯರು ಹೊಲಿಗೆ ಕಲಿಯುವಾಗ ಹೊಲಿದ ‘ಸ್ಯಾಂಪ್ಲರ್’ ಎಂಬ ಬಟ್ಟೆಗಳಿರುತ್ತವೆ. ಎಷ್ಟೋ ಬಟ್ಟೆಗಳ ಮೇಲೆ ಹೆಸರು, ವರ್ಷ ಇರುತ್ತೆ. ಅಷ್ಟರಿಂದಲೇ ಅವಳು ಯಾರ ಮಗಳು, ಮುಂದೇನಾದಳು ಅಂತ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಎಷ್ಟೋ ಸಲ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಎಲಿಜಬೆತ್ ಪಾರ್ಕರ್ ನೆನಪಾಗುತ್ತಾಳೆ.

ಅವಳು ಹೊಲಿದ ಬಟ್ಟೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1830ರ ಆಸುಪಾಸಿನದು. ಸ್ಯಾಂಪ್ಲರ್ ಅಂದರೆ ಸಾಮಾನ್ಯವಾಗಿ ಅಕ್ಷರಮಾಲೆ, ಅಂಕಿ, ಹೂಬಳ್ಳಿ, ಒಂದು ಮನೆ, ಕೆಳಗೆ ದೇವರ ಪದ್ಯ. ಇದರಲ್ಲಿ ಹೂವೂ ಇಲ್ಲ, ಬಳ್ಳಿಯೂ ಇಲ್ಲ. ಲಿನನ್ ಬಟ್ಟೆ, ಕೆಂಪು ರೇಷ್ಮೆ ದಾರ, ಸಾಲು ಸಾಲು ಮಾತು. ನಮ್ಮ ಕಸೂತಿಯಲ್ಲಿ ಮೆಂತಿ ಅಂತಾರಲ್ಲ, ಅದೇ ಗುಣಾಕಾರದ ಗುರುತಿನಂಥ (×) ಹೊಲಿಗೆ. ಎಳೆ ಎಣಿಸಿ ಎಣಿಸಿ ಒಂದೊಂದು ಅಕ್ಷರ ಮೂಡಿಸಿದ್ದಾಳೆ.

‘ನನಗೆ ಬರೆಯೋಕೆ ಬರೋದಿಲ್ಲ, ಅದಕ್ಕೆ ಆಪ್ತರ ಹತ್ತಿರ ಹೇಳಿಕೊಂಡ ಹಾಗೆ ಇಲ್ಲಿ ಇಡುತ್ತಿದ್ದೇನೆ’ ಅನ್ನುವ ಅರ್ಥದಲ್ಲಿ ಶುರುವಾಗುತ್ತದೆ. 1813ರಲ್ಲಿ ಸಸೆಕ್ಸ್‌ನ ಆಶ್‌ಬರ್ನ್‌ಹ್ಯಾಂನಲ್ಲಿ ಹುಟ್ಟಿದ್ದು, ಅಪ್ಪ ಅಲ್ಲಿನ ಜಮೀನ್ದಾರರ ಬಳಿ ಕೂಲಿಗಿದ್ದದ್ದು, ಅಮ್ಮ ಬಡಮಕ್ಕಳ ಶಾಲೆ ನಡೆಸುತ್ತಿದ್ದದ್ದು, ಒಡಹುಟ್ಟಿದವರ ಹೆಸರುಗಳು, ಎಲ್ಲ ಇದೆ. 13ಕ್ಕೆ ಮನೆ ಬಿಟ್ಟು ಚಾಕರಿಗೆ ಹೋದಳು. ಅಲ್ಲಿ ಅನುಭವಿಸಿದ ಕ್ರೌರ್ಯ, ಜೀವ ಬೇಡವೆನಿಸಿದ ದಿನಗಳು, ಅದನ್ನೂ ಮುಚ್ಚಿಟ್ಟಿಲ್ಲ. ‘ನನ್ನ ಆತ್ಮದ ಗತಿ ಏನು’ ಎನ್ನುವಲ್ಲಿ ದಾರ ನಿಂತುಬಿಡುತ್ತದೆ. ಕೆಳಗೆ ಬಟ್ಟೆ ಖಾಲಿ.

ಬಟ್ಟೆಯೊಂದನ್ನೇ ನೋಡಿದವರಿಗೆ ಅವಳು ಅಲ್ಲೇ ಮುಗಿದಳು ಅನಿಸುತ್ತದೆ, ಅಲ್ವಾ? ಊರಿನ ದಾಖಲೆ ಬೇರೆಯೇ ಹೇಳುತ್ತದೆ. ಎಲಿಜಬೆತ್ ತನ್ನೂರಿನ ಶಾಲೆಯಲ್ಲೇ ಟೀಚರ್ ಆದಳು. ಅಕ್ಕತಂಗಿಯರಲ್ಲಿ ಒಬ್ಬಳ ಮಗಳನ್ನು ಸಾಕಿದಳು. ತೀರಿಕೊಂಡದ್ದು 1889ರಲ್ಲಿ, 76ನೇ ವಯಸ್ಸಿಗೆ. ಇದು ತಿಳಿದಾಗ ನನಗಾದ ನೆಮ್ಮದಿ ಹೇಳತೀರದು.

ಇಂಥ ಮಾಹಿತಿ ಸಿಗುವುದು ಚರ್ಚಿನ ದಫ್ತರಗಳಲ್ಲಿ, ಜನಗಣತಿಯಲ್ಲಿ. 1813ರಿಂದ ಅಲ್ಲಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಅಪ್ಪನ ಕಸುಬು ಬರೆಯಲು ಬೇರೆ ಕಾಲಂ ಬಂತು. ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1837ರಲ್ಲಿ. 1841ರ ಜನಗಣತಿಯಲ್ಲಿ ಮನೆಯವರ ಹೆಸರುಗಳಿವೆ. ಆದರೆ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ (29 ಇದ್ದರೆ 25 ಅಂತ) ಬರೆಯುವುದು ರೂಢಿಯಾಗಿತ್ತು. ಹಾಗಾಗಿ ಅದೊಂದನ್ನೇ ನಂಬಬೇಡಿ. ಹುಟ್ಟಿದ ಊರು, ಮನೆಯ ಯಜಮಾನರಿಗೆ ಏನಾಗಬೇಕು ಅನ್ನುವುದು ಸಿಗುವುದು 1851ರದ್ದರಲ್ಲಿ.

ಬಟ್ಟೆಯ ಮೇಲಿರುವುದು ಹೆಚ್ಚಾಗಿ ತವರಿನ ಹೆಸರು. ಮದುವೆಯಾದ ಮೇಲಿನ ದಾಖಲೆಯಲ್ಲಿ ಅದನ್ನೇ ಹುಡುಕಿದರೆ ಸಿಗುವುದಿಲ್ಲ. ಸ್ಕಾಟ್ಲೆಂಡಿನ ಬಟ್ಟೆಗಳಲ್ಲಿ ಮನೆಯವರ ಹೆಸರಿನ ಮೊದಲಕ್ಷರಗಳೂ ಇರುತ್ತವೆ. ಅಲ್ಲಿ ಕಪ್ಪು ದಾರ ಕಂಡರೆ ತೀರಿಹೋದವರದ್ದು ಇರಬಹುದು. ಇನ್ನು ಇಸವಿ. ವಯಸ್ಸು ಗೊತ್ತಾಗಬಾರದು ಅಂತ ಕೆಲವರು ದೊಡ್ಡವರಾದ ಮೇಲೆ ಕೊನೆಯ ಅಂಕಿಗಳ ದಾರ ಬಿಚ್ಚುತ್ತಿದ್ದರು. ‘18’ ಮಾತ್ರ ಉಳಿದಿದ್ದರೆ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿ ಹಾದ ತೂತುಗಳು ಕೆಲವು ಸಲ ಹಾಗೇ ಉಳಿದಿರುತ್ತವೆ. ಅವನ್ನು ಎಣಿಸಿದರೆ ಅಂಕಿ ಓದಬಹುದು.