ಮನೆಯಲ್ಲಿ ಕಲಿಯುವ ಮಗು ಸರ್ಕಾರದ ಯಾವ ಲೆಕ್ಕದಲ್ಲಿದೆ?

ಬೆಂಗಳೂರಿನಲ್ಲಿ ಮಗುವನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಕಲಿಸುವ ಅಪ್ಪ-ಅಮ್ಮಂದಿರಿಗೆ ನೆಂಟರಿಷ್ಟರಿಂದ ಬರುವ ಮೊದಲ ಪ್ರಶ್ನೆ, "ಇದಕ್ಕೆ ಗೌರ್ಮೆಂಟ್ ಒಪ್ಪುತ್ತಾ?" ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ ಪ್ರಕಾರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಸೇರಿಸದಿದ್ದರೆ ಪೋಷಕರಿಗೆ ಇಂಥ ದಂಡ ಎಂದು ಆ ಕಾಯ್ದೆ ಎಲ್ಲೂ ಹೇಳುವುದಿಲ್ಲ. ಮನೆಯಲ್ಲೇ ಕಲಿಸಬಹುದು ಎಂದೂ ಹೇಳುವುದಿಲ್ಲ. ಹೋಮ್‌ಸ್ಕೂಲಿಂಗ್ ಮಾಡುವ ಕುಟುಂಬಗಳು ದಿನ ದೂಡುತ್ತಿರುವುದು ಈ ಎರಡರ ನಡುವಿನ ಜಾಗದಲ್ಲಿ.

ಕಡ್ಡಾಯ ಶಿಕ್ಷಣ ಏಕೆ ಬಂತು ಎಂಬುದನ್ನು ಮೊದಲು ನೆನೆಯಬೇಕು. ಊರ ಕೂಲಿ ಮಠಗಳಲ್ಲಿ ಐಗಳು ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕಾಲದಲ್ಲಿ ಕಲಿಕೆ ಜಾತಿ ಮತ್ತು ಅನುಕೂಲ ಇದ್ದವರ ಪಾಲಾಗಿತ್ತು. ಎಲ್ಲ ಮಕ್ಕಳಿಗೂ ಅಕ್ಷರ ಸಿಗಬೇಕು ಎಂದು 1911ರಲ್ಲಿ ಗೋಪಾಲಕೃಷ್ಣ ಗೋಖಲೆ ಮಂಡಿಸಿದ ಮಸೂದೆ ಬಿದ್ದುಹೋಯಿತು. ಬ್ರಿಟಿಷರು ಒಲ್ಲೆ ಎಂದಿದ್ದನ್ನು ಮೈಸೂರು ಸಂಸ್ಥಾನ ಕೈಗೆತ್ತಿಕೊಂಡಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾನೂನು ಬಂದು, ಆಯ್ದ ಕಡೆಗಳಲ್ಲಿ ಕಡ್ಡಾಯ ಶಿಕ್ಷಣ ಶುರುವಾಯಿತು. ಹೊಲಗದ್ದೆಯಲ್ಲಿ, ಧಣಿಯ ಕೊಟ್ಟಿಗೆಯಲ್ಲಿ ಕರಗಿಹೋಗುತ್ತಿದ್ದ ಬಾಲ್ಯವನ್ನು ಎತ್ತಿ ತರಲು ಒತ್ತಾಯ ಬೇಕೇ ಬೇಕಿತ್ತು. ಮನೆಶಿಕ್ಷಣದ ಪರವಾಗಿ ಮಾತನಾಡುವವರು ಈ ಚರಿತ್ರೆಯನ್ನು ಹಗುರವಾಗಿ ಕಾಣಬಾರದು.

ಆದರೆ ಹಳೆಯ ಕಡ್ಡಾಯದಲ್ಲಿ ಒಂದು ಕಿಟಕಿ ಇತ್ತು. ಹಲವು ರಾಜ್ಯಗಳಿಗೆ ಮಾದರಿಯಾದ 1960ರ ದೆಹಲಿ ಪ್ರಾಥಮಿಕ ಶಿಕ್ಷಣ ಕಾಯ್ದೆ, ಮಗು ಶಾಲೆಗೆ ಬಾರದಿರಲು ಒಪ್ಪಬಹುದಾದ ಕಾರಣಗಳನ್ನು ಪಟ್ಟಿ ಮಾಡಿದೆ. ಹತ್ತಿರದಲ್ಲಿ ಶಾಲೆ ಇಲ್ಲದಿರುವುದು ಅದರಲ್ಲೊಂದು. ಮಗು ಬೇರೆ ರೀತಿಯಲ್ಲಿ ಶಿಕ್ಷಣ ಪಡೆಯುತ್ತಿದ್ದು, ಅದು ತೃಪ್ತಿಕರ ಎಂದು ಗೊತ್ತುಪಡಿಸಿದ ಅಧಿಕಾರಿ ಒಪ್ಪಿರುವುದು ಇನ್ನೊಂದು. ಅಂದರೆ ಮನೆಯಲ್ಲಿ ಕಲಿಸಲೂ ಅವಕಾಶವಿತ್ತು, ಸರ್ಕಾರ ಬಂದು ನೋಡಲೂ ದಾರಿಯಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇವೆರಡಕ್ಕೂ ಜಾಗ ಸಿಗಲಿಲ್ಲ.

ಆ ಕಾಯ್ದೆಯ ಬೇರು ಹುಡುಕಿದರೆ ಕರ್ನಾಟಕಕ್ಕೇ ಬರಬೇಕು. ಇಲ್ಲಿನ ವೈದ್ಯಕೀಯ ಸೀಟುಗಳ ಕ್ಯಾಪಿಟೇಷನ್ ಶುಲ್ಕದ ವಿರುದ್ಧದ ಮೋಹಿನಿ ಜೈನ್ ಪ್ರಕರಣದಲ್ಲಿ, 1992ರಲ್ಲಿ, ಶಿಕ್ಷಣ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಎಂದು ನಿಗದಿಪಡಿಸಿತು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು, 2010ರ ಏಪ್ರಿಲ್ 1ರಂದು ಕಾಯ್ದೆ ಜಾರಿಯಾಯಿತು. ಮೇಲ್ಜಾತಿ, ಕೆಳಜಾತಿ, ಬಡವ, ಬಲ್ಲಿದ ಎನ್ನದೆ ಪ್ರತಿ ಮಗುವಿಗೂ ಶಾಲೆಯ ಬಾಗಿಲು ತೆರೆಯಬೇಕು ಎಂಬ ತವಕದಲ್ಲಿ ಬರೆದ ಕಾಯ್ದೆ ಅದು. ಶಾಲೆಯ ಹೊರಗೂ ಮನಸ್ಸಿಟ್ಟು ಕಲಿಯುವ ಮಗು ಅದನ್ನು ಬರೆದವರ ಕಣ್ಣ ಮುಂದೆ ಇರಲಿಲ್ಲ.

ಗೊಂದಲ ಬೇಗನೇ ಕೋರ್ಟ್ ಮೆಟ್ಟಿಲೇರಿತು. ದೆಹಲಿ ಹೈಕೋರ್ಟ್‌ನಲ್ಲಿದ್ದ ಪ್ರಕರಣವೊಂದರಲ್ಲಿ ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯ 2012ರಲ್ಲಿ ಪ್ರಮಾಣಪತ್ರ ಸಲ್ಲಿಸಿ, ಸ್ವಇಚ್ಛೆಯಿಂದ ಮನೆಶಿಕ್ಷಣ ಆರಿಸಿಕೊಂಡವರು ಮುಂದುವರಿಯಬಹುದು, ಕಾಯ್ದೆ ಅದಕ್ಕೆ ಅಡ್ಡಬರುವುದಿಲ್ಲ ಎಂದಿತು. ಆಮೇಲೆ ಆ ಮಾತಿನಿಂದ ಹಿಂದೆ ಸರಿಯಿತು. ಕುಟುಂಬಗಳು ಮತ್ತೆ ಮೊದಲಿದ್ದಲ್ಲಿಗೇ ಬಂದು ನಿಂತವು.

ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಶಾಲೆಯಿಂದ ಹೊರಗುಳಿದ ಮಕ್ಕಳ ಕುರಿತ ಪತ್ರಿಕಾ ವರದಿಯನ್ನು ನೋಡಿ ಕರ್ನಾಟಕ ಹೈಕೋರ್ಟ್ 2013ರಲ್ಲಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ತಿಂಗಳುಗಟ್ಟಲೆ ಕಾಣದ ಮಗುವನ್ನೂ ದಾಖಲೆಯಲ್ಲಿ ವಿದ್ಯಾರ್ಥಿ ಎಂದೇ ತೋರಿಸುವ ಪರಿಪಾಠಕ್ಕೆ ಪೆಟ್ಟು ಬಿತ್ತು. ಕಾರಣವಿಲ್ಲದೆ ಸತತ ಏಳು ದಿನ ಗೈರಾದರೆ ಮಗುವನ್ನು ಹುಡುಕಿಕೊಂಡು ಹೋಗಬೇಕು ಎಂಬ ನಿಯಮ ಬಂತು. ಪೀಣ್ಯದ ಶೆಡ್ಡುಗಳಲ್ಲಿ, ಕಟ್ಟಡ ಕಾರ್ಮಿಕರ ಟೆಂಟುಗಳಲ್ಲಿ ತಂಗಿಯನ್ನು ಎತ್ತಿಕೊಂಡು ನಿಂತ ಹುಡುಗಿಗೆ ಈ ನಿಯಮದಿಂದ ಉಪಕಾರವೇ ಆಗುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಮಗಳನ್ನು ಮನೆಯಲ್ಲಿ ಉಳಿಸಿಕೊಂಡಿದ್ದರೆ ಅದು ಆಯ್ಕೆಯಲ್ಲ, ಬೇರೆ ದಾರಿ ಇಲ್ಲದಿರುವುದು.

ತೊಡಕಿರುವುದು ಇಲ್ಲಿಯೇ. ಆ ಹುಡುಗಿಯೂ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಅಪ್ಪ-ಅಮ್ಮ ಜೊತೆಗೆ ಕೂತು ಕಲಿಸುವ ಹುಡುಗನೂ ಸರ್ಕಾರದ ಲೆಕ್ಕದಲ್ಲಿ "ಶಾಲೆಯಿಂದ ಹೊರಗುಳಿದ ಮಗು" ಎಂಬ ಒಂದೇ ಸಾಲಿಗೆ ಬೀಳುತ್ತಾರೆ. ಒಬ್ಬಳಿಗೆ ರಕ್ಷಣೆ ತುರ್ತಾಗಿ ಬೇಕು. ಇನ್ನೊಬ್ಬನಿಗೆ ಬೇಕಿರುವುದು ಮಾನ್ಯತೆ ಮತ್ತು ಯಾರಾದರೂ ಆಗಾಗ ಬಂದು ವಿಚಾರಿಸಿಕೊಳ್ಳುವ ವ್ಯವಸ್ಥೆ. ಮನೆಯ ಬಾಗಿಲೊಳಗೆ ಕಲಿಕೆ ನಿಜವಾಗಿ ನಡೆಯುತ್ತಿದೆಯೇ, ಮಗು ಕ್ಷೇಮವೇ ಎಂದು ಕೇಳುವ ಹಕ್ಕು ಸಮಾಜಕ್ಕೆ ಇದೆ ಎಂದೇ ನಾನು ನಂಬಿದ್ದೇನೆ. ಕೇಳುವ ರೀತಿ ಯಾವುದು ಎಂಬಲ್ಲಿ ಜಗಳ.

ಈ ಜಗಳವನ್ನು ಇಂಗ್ಲೆಂಡ್ ಚೆನ್ನಾಗಿ ಕಂಡಿದೆ. ಅಲ್ಲಿ 1944ರ ಕಾಯ್ದೆಯೇ ಮಗುವಿಗೆ ಶಾಲೆಯಲ್ಲಿ ಅಥವಾ ಬೇರೆ ರೀತಿಯಲ್ಲಿ ಶಿಕ್ಷಣ ಕೊಡಿಸುವ ಅವಕಾಶ ಇಟ್ಟಿತ್ತು. 2008ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶಾಲೆ ಬಿಡಿಸಿದ್ದ ಏಳು ವರ್ಷದ ಹುಡುಗಿ ಮನೆಯಲ್ಲಿ ಅನ್ನವಿಲ್ಲದೆ ಸೊರಗಿ ಸತ್ತಳು. ಮರುವರ್ಷ ಬಂದ ಬ್ಯಾಡ್‌ಮನ್ ವರದಿ, ಕುಟುಂಬಗಳು ವರ್ಷವರ್ಷ ನೋಂದಾಯಿಸಬೇಕು, ಮುಂದಿನ 12 ತಿಂಗಳ ಕಲಿಕೆಯ ಯೋಜನೆ ಬರೆದು ಕೊಡಬೇಕು, ಅಧಿಕಾರಿಗಳಿಗೆ ಮನೆಯೊಳಗೆ ಬಂದು ಮಗುವನ್ನು ಮಾತನಾಡಿಸುವ ಅಧಿಕಾರ ಇರಬೇಕು ಎಂದಿತು. ಮಗುವಿನ ಆಸಕ್ತಿಯನ್ನೇ ಹಿಂಬಾಲಿಸಿ ಕಲಿಸುವವರು ಸಿಟ್ಟಿಗೆದ್ದರು. ಮಗು ಮುಂದಿನ ತಿಂಗಳು ಏನನ್ನು ಹಿಡಿದು ಕೂರುತ್ತದೋ ಗೊತ್ತಿಲ್ಲದಿರುವಾಗ ವರ್ಷದ ಯೋಜನೆ ಬರೆದರೆ ಅದು ಸುಳ್ಳಾಗುತ್ತದೆ ಎಂಬುದು ಅವರ ವಾದ. 2010ರ ಚುನಾವಣೆಯ ಹೊಸ್ತಿಲಲ್ಲಿ ಆ ಪ್ರಸ್ತಾವ ಕೈಬಿಟ್ಟುಹೋಯಿತು. 2024ರ ಡಿಸೆಂಬರ್‌ನಲ್ಲಿ, ಶಾಲೆಯಲ್ಲಿಲ್ಲದ ಮಕ್ಕಳ ಕಡ್ಡಾಯ ನೋಂದಣಿ ಮತ್ತೊಂದು ಮಸೂದೆಯಾಗಿ ಅಲ್ಲಿನ ಸಂಸತ್ತಿಗೆ ಬಂತು.

ಆ ಪೋಷಕರ ವಾದದಲ್ಲಿ ಹುರುಳಿದೆ. ಬಸ್ಸಿನ ಹುಚ್ಚು ಹಿಡಿದ ಒಂಬತ್ತು ವರ್ಷದ ಹುಡುಗನೊಬ್ಬನ ನೋಟ್‌ಬುಕ್ ನೋಡಿದ್ದೆ. ಪುಟದ ತುಂಬ ಬಿಎಂಟಿಸಿ ರೂಟ್ ನಂಬರ್‌ಗಳು. 500-ಡಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್, 335-ಇ ಮೆಜೆಸ್ಟಿಕ್‌ನಿಂದ ಕಾಡುಗೋಡಿ. ನಿಲ್ದಾಣಗಳ ಹೆಸರನ್ನು ಬಸ್ಸಿನ ಬೋರ್ಡ್ ನೋಡಿಯೇ ಕನ್ನಡದಲ್ಲಿ ಬರೆಯಲು ಕಲಿತಿದ್ದ. "ಮಾರತ್ತಹಳ್ಳಿ"ಯ ಒತ್ತಕ್ಷರ ಮೂರು ಬಾರಿ ತಿದ್ದಿದ ಗುರುತಿತ್ತು. ಯಾವ ಸ್ಟೇಜಿಗೆ ಎಷ್ಟು ಟಿಕೆಟ್, ಎರಡು ಬಸ್ ಬದಲಿಸಿದರೆ ಎಷ್ಟು, ದಿನದ ಪಾಸ್ ಕೊಂಡರೆ ಉಳಿತಾಯವೆಷ್ಟು ಎಂದು ಅಂಚಿನಲ್ಲಿ ಕೂಡಿ ಕಳೆದಿದ್ದ. ಗಣಿತ ಎಂಬ ತಲೆಬರಹ ಎಲ್ಲೂ ಇರಲಿಲ್ಲ. ನಾಲ್ಕನೇ ತರಗತಿಯ ಪಠ್ಯದ ಪಟ್ಟಿ ಹಿಡಿದು ಬಂದವರಿಗೆ ಈ ಹುಡುಗನಲ್ಲಿ ಕೊರತೆಯೇ ಕಾಣಬಹುದು. ಪುಟ ತಿರುಗಿಸಿ ನೋಡುವ ವ್ಯವಧಾನ ಇದ್ದವರಿಗೆ ಕಲಿಕೆ ಕಾಣುತ್ತದೆ.

ಅಂಥ ವ್ಯವಧಾನ ನಮ್ಮ ಶಿಕ್ಷಣ ಇಲಾಖೆಗೆ ಹೊಸದೇನಲ್ಲ ಎಂಬುದೇ ನನಗೆ ಭರವಸೆ ಕೊಡುವ ಸಂಗತಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ-ಕಲಿಯಲ್ಲಿ ಪ್ರತಿ ಮಗುವೂ ಕಾರ್ಡುಗಳನ್ನು ಹಿಡಿದು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಶಿಕ್ಷಕರು ಗುರುತು ಹಾಕಿಕೊಳ್ಳುತ್ತಾರೆ. ಈ ಪದ್ಧತಿ ಮುಂದೆ ರಾಜ್ಯವಿಡೀ ಹರಡಿತು. ನಿರಂತರ ಮೌಲ್ಯಮಾಪನ ಬಂದ ಮೇಲೆ ಮಗುವಿನ ಬರಹ, ಚಿತ್ರ, ಚಟುವಟಿಕೆಗಳನ್ನು ಸೇರಿಸಿಡುವ ಕೃತಿ ಸಂಪುಟವೂ ಶಾಲೆಗಳಿಗೆ ಬಂತು. ಬಸ್ಸಿನ ಹುಡುಗನ ನೋಟ್‌ಬುಕ್ ಸೇರಬೇಕಾದ ಜಾಗ ಅದೇ. ಇದೇ ಇಲಾಖೆ ಐದು ಮತ್ತು ಎಂಟನೇ ತರಗತಿಗೂ ಬೋರ್ಡ್ ಮಟ್ಟದ ಪರೀಕ್ಷೆ ತರಲು ಹೊರಟು, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡುವವರೆಗೂ ಹೋಯಿತು ಎಂಬುದೂ ನಿಜ. ಮನೆಯಲ್ಲಿ ಕಲಿಯುವ ಮಕ್ಕಳ ಮೇಲ್ವಿಚಾರಣೆ ಎಂದರೆ ಪರೀಕ್ಷೆಯೇ ಎಂದಾದರೆ ಕುಟುಂಬಗಳು ಇನ್ನಷ್ಟು ಮರೆಗೆ ಸರಿಯುತ್ತವೆ, ನೋಡಲೇಬೇಕಾದ ಮಗುವೂ ಅವರೊಂದಿಗೆ ಮರೆಯಾಗುತ್ತದೆ.

ಸದ್ಯಕ್ಕೆ ಈ ಕುಟುಂಬಗಳಿಗೆ ಕಾಗದದ ಮೇಲಿನ ಆಸರೆ ಎಂದರೆ ಓಪನ್ ಸ್ಕೂಲ್. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ಇಂದಿನ ಎನ್‌ಐಒಎಸ್, 14 ತುಂಬಿದ ಮಗುವಿಗೆ ಹತ್ತನೇ ತರಗತಿಗೆ ನೇರ ನೋಂದಣಿ ಕೊಡುತ್ತದೆ. ಐದು ವರ್ಷದೊಳಗೆ ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. 14ರ ಒಳಗೆ ಶಾಲೆಗೆ ಮರಳಬೇಕೆಂದರೆ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮೇ ನೆರವಿಗೆ ಬರುತ್ತದೆ: ಎಂದೂ ಶಾಲೆಗೆ ಸೇರದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಟಿಸಿ ಇಲ್ಲ, ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಸ್ಯಾಟ್ಸ್ ನಂಬರ್ ಇಲ್ಲ ಎಂದು ಶಾಲೆಯ ಆಫೀಸಿನಲ್ಲಿ ಹಿಂದೆ ಕಳಿಸಿದರೆ ಪೋಷಕರು ಈ ಕಲಂ ತೋರಿಸಬಹುದು.

ಹುಡುಕಿ ನೋಡಬೇಕಾದ ಇನ್ನೊಂದು ಕಲಂ 9ನೆಯದು. ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವುದು ಸ್ಥಳೀಯ ಸಂಸ್ಥೆಯ ಕೆಲಸ ಎನ್ನುತ್ತದೆ ಅದು. ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ಬಂದಿವೆ. ಆ ದಾಖಲೆಯಲ್ಲಿ "ಮನೆಯಲ್ಲಿ ಕಲಿಯುತ್ತಿದೆ" ಎಂಬ ಒಂದು ಕಾಲಂ ಸೇರಿಸಿ, ವರ್ಷಕ್ಕೊಮ್ಮೆ ನಲಿ-ಕಲಿ ಬಲ್ಲ ಶಿಕ್ಷಕರೊಬ್ಬರು ಹೋಗಿ ಮಗುವಿನೊಂದಿಗೆ ಮಾತನಾಡಿ, ಅದರ ಕೃತಿ ಸಂಪುಟ ನೋಡಿ ಬರುವಂತೆ ರಾಜ್ಯದ ನಿಯಮಗಳಲ್ಲಿ ದಾರಿ ಮಾಡಬೇಕು. ಹೀಗೆ ಇಬ್ಬರ ಲೆಕ್ಕ ಬೇರೆಯಾದರೆ, ಗಾರ್ಮೆಂಟ್ಸ್ ತಾಯಿಯ ಮಗಳನ್ನು ಶಾಲೆಗೆ ಕರೆತರಲು ಇಲಾಖೆಯ ಸಿಆರ್‌ಪಿಗಳಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೆ) ಆಗ ಹೆಚ್ಚು ಸಮಯ ಸಿಗುತ್ತದೆ.