ಯಾನ್, ಇವಾನ್, ಶಾನ್, ಹ್ವಾನ್: ನಾಲ್ವರ ಹೆಸರೂ ಒಂದೇ ಆಗಿದ್ದು ಹೇಗೆ?

ಪ್ರಶ್ನೆ: ನನ್ನ ಮಗ ಕೆಲಸದ ಮೇಲೆ ಜರ್ಮನಿಯಲ್ಲಿದ್ದಾನೆ. ಅವನ ಜೊತೆ ಪೋಲೆಂಡಿನ ಯಾನ್, ಬಲ್ಗೇರಿಯಾದ ಇವಾನ್, ಐರ್ಲೆಂಡಿನ ಶಾನ್, ಸ್ಪೇನಿನ ಹ್ವಾನ್ ಅಂತ ನಾಲ್ಕು ಜನ ಇದ್ದಾರಂತೆ. ನಾಲ್ವರದೂ ಒಂದೇ ಹೆಸರು, ಜಾನ್ ಅಂತಾರಲ್ಲ, ಅದೇ ಅಂತ ಫೋನಿನಲ್ಲಿ ಹೇಳಿದ. ನಗಬೇಕೋ ನಂಬಬೇಕೋ ತಿಳಿಯಲಿಲ್ಲ. ಇದು ನಿಜವೇ? ನಿಜವಾದರೆ ಆ ಹೆಸರಿನ ಅರ್ಥ ಏನು? ಅದು ನಮ್ಮ ಕಡೆಗೂ ಬಂದಿದೆಯೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಧಾರಾಳವಾಗಿ ನಂಬಿ. ಆ ನಾಲ್ವರೂ ಒಂದೇ ಹೆಸರಿನವರು. ಪಟ್ಟಿಯನ್ನು ಇನ್ನೂ ಬೆಳೆಸಬಹುದು. ಇಟಲಿಯ ಜೊವಾನ್ನಿ, ಹಂಗೆರಿಯ ಯಾನೋಶ್, ಫಿನ್ಲೆಂಡಿನ ಯುಹಾನಿ, ಲಿಥುವೇನಿಯಾದ ಯೋನಾಸ್, ಗ್ರೀಸಿನ ಯಾನ್ನಿಸ್, ಸರ್ಬಿಯಾದ ಯೋವಾನ್, ರೊಮೇನಿಯಾದ ಇಯೋನ್, ಸ್ಕಾಟ್ಲೆಂಡಿನ ಇಯಾನ್, ಜರ್ಮನಿಯ ಹಾನ್ಸ್ ಎಲ್ಲರೂ ಇದೇ ಬಳ್ಳಿಯ ಕಾಯಿಗಳು. ಈ ಹೆಸರು ಒಂದು ನಾಡಿನಲ್ಲಿ ಯಾವ ರೂಪದಲ್ಲಿ ನಿಂತಿದೆ ಎಂದು ನೋಡಿದರೆ, ಅದು ಅಲ್ಲಿಗೆ ಯಾರ ಬಾಯಿಂದ, ಯಾವ ಕಾಲದಲ್ಲಿ ಬಂತು ಎನ್ನುವುದನ್ನು ಎಷ್ಟೋ ಸಲ ಹೇಳಿಬಿಡಬಹುದು. ನನಗೆ ಈ ಹೆಸರಿನ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

ಮೊದಲು ಅರ್ಥ. ಮೂಲ ಹೀಬ್ರೂ ಭಾಷೆಯ ಯೋಹಾನಾನ್. ಮೊದಲ ಭಾಗ 'ಯೋ' ಎನ್ನುವುದು ಯೆಹೋವ ಎಂಬ ದೇವರ ಹೆಸರಿನ ಮೊಟಕು ರೂಪ. ಉಳಿದದ್ದು ಕರುಣೆ, ಕೃಪೆ ಎಂಬ ಅರ್ಥದ ಧಾತು. ಎರಡೂ ಸೇರಿದರೆ 'ಯೆಹೋವನು ಕೃಪೆ ತೋರಿದ್ದಾನೆ' ಎಂದಾಗುತ್ತದೆ. ಬೈಬಲಿನ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಈ ಹೆಸರಿಟ್ಟ ಕತೆಯೇ ಇದೆ. ವಯಸ್ಸಾದ ಜಕರೀಯ ಮತ್ತು ಎಲಿಸಬೇತ್ ದಂಪತಿಗೆ ಬಹಳ ತಡವಾಗಿ ಒಂದು ಗಂಡುಮಗು ಹುಟ್ಟುತ್ತದೆ. ನೆಂಟರಿಷ್ಟರು ತಂದೆಯ ಹೆಸರನ್ನೇ ಇಡಬೇಕೆಂದು ಹೊರಡುತ್ತಾರೆ. ತಾಯಿ ಒಪ್ಪದೆ ಯೋಹಾನ ಎನ್ನುತ್ತಾಳೆ. 'ನಿಮ್ಮ ಬಂಧುಬಳಗದಲ್ಲಿ ಆ ಹೆಸರಿನವರೇ ಇಲ್ಲವಲ್ಲ' ಎಂದು ಅವರ ತಕರಾರು. ಮಾತು ಕಳೆದುಕೊಂಡಿದ್ದ ತಂದೆ ಹಲಗೆ ತರಿಸಿ, ಇವನ ಹೆಸರು ಯೋಹಾನ ಎಂದು ಬರೆದು ತೋರಿಸುತ್ತಾನೆ. ನಾಮಕರಣದ ದಿನ ಹಿರಿಯರು ಕೂತು ವಾದ ಮಾಡುವ ಯಾವ ಮನೆಗೂ ಈ ದೃಶ್ಯ ಅಪರಿಚಿತವಲ್ಲ. ಆ ಮಗುವೇ ಮುಂದೆ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನ. ಯೇಸುವಿನ ಶಿಷ್ಯರಲ್ಲೂ ಒಬ್ಬ ಯೋಹಾನನಿದ್ದ. ಯೂರೋಪು ಕ್ರೈಸ್ತವಾದ ಮೇಲೆ ಮಕ್ಕಳಿಗೆ ಸಂತರ ಹೆಸರಿಡುವ ರೂಢಿ ಗಟ್ಟಿಯಾಯಿತು. ಇಂಥ ಇಬ್ಬರು ಸಂತರ ಬಲವಿದ್ದ ಹೆಸರು ಊರೂರಿಗೆ ಹಬ್ಬಿತು.

ಅದೇ ಕೃಪೆಯ ಧಾತುವಿನಿಂದಲೇ ಹನ್ನಾ ಎಂಬ ಹೆಣ್ಣು ಹೆಸರು ಬಂದಿದೆ. ಗ್ರೀಕರ ಬಾಯಲ್ಲಿ ಅದು ಆನ್ನಾ ಆಯಿತು, ಅಲ್ಲಿಂದ ಆನ್, ಅನ್ಯಾ, ಅನಿಕಾ ಎಲ್ಲ ಹುಟ್ಟಿದವು. ಅಂದರೆ ಆನ್ ಮತ್ತು ಜಾನ್ ಅಕ್ಕತಮ್ಮಂದಿರಿದ್ದ ಹಾಗೆ. ರೋಮನ್ನರನ್ನು ನಡುಗಿಸಿದ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನ ಹೆಸರಿನಲ್ಲೂ ಇದೇ ಕೃಪೆ ಕೂತಿದೆ. ಅವನದು ಹೀಬ್ರೂವಿನ ಒಡಹುಟ್ಟಿನಂಥ ಫಿನೀಷಿಯನ್ ಭಾಷೆ. ಅಲ್ಲಿ ಕೃಪೆ ತೋರುವ ದೇವರು ಯೆಹೋವನಲ್ಲ, ಬಾಲ್.

ಇನ್ನು ಸದ್ದಿನ ವಿಚಾರ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಬರೆಯಲ್ಪಟ್ಟದ್ದು ಗ್ರೀಕ್ ಭಾಷೆಯಲ್ಲಿ. ಗ್ರೀಕ್ ಬರಹದಲ್ಲಿ ಪದದ ನಡುವೆ ಹಕಾರಕ್ಕೆ ಜಾಗವಿರಲಿಲ್ಲ, ಗಂಡಸಿನ ಹೆಸರಿನ ಕೊನೆಗೆ ಸಾಮಾನ್ಯವಾಗಿ ಒಂದು 'ಸ್' ಬೇಕಿತ್ತು. ಹಾಗಾಗಿ ಯೋಹಾನಾನ್ ಹೋಗಿ ಇಯೋಆನ್ನೇಸ್ ಆಯಿತು. ಲ್ಯಾಟಿನ್ನಿನಲ್ಲಿ ಹಕಾರ ಮರಳಿ ಸೇರಿ ಯೊಹಾನ್ನೆಸ್. ಯೂರೋಪಿನ ಬಹುಪಾಲು ರೂಪಗಳು ಈ ಎರಡು ಬಾಗಿಲುಗಳಿಂದಲೇ ಹೊರಟಿವೆ. ಪೂರ್ವದವರು ಗ್ರೀಕ್ ಚರ್ಚಿನಿಂದ ಪಡೆದರು, ಪಶ್ಚಿಮದವರು ಲ್ಯಾಟಿನ್ ಚರ್ಚಿನಿಂದ.

'ಯ'ದಿಂದ ಹೊರಟದ್ದು 'ಜ' ಆಗಿದ್ದು ಹೇಗೆ ಎಂದು ಕೇಳಿದರೆ ಕನ್ನಡಿಗರಾದ ನಾವು ಬೆರಗಾಗಬೇಕಿಲ್ಲ. ಯಾತ್ರೆ ಜಾತ್ರೆಯಾಯಿತು, ಯೋಗಿ ಜೋಗಿಯಾದ, ಯಮ ಜವರಾಯನಾದ, ಯೌವನ ಜವ್ವನವಾಯಿತು. ಲ್ಯಾಟಿನ್ ಒಡೆದು ಇಟಾಲಿಯನ್, ಫ್ರೆಂಚ್ ಮುಂತಾದ ಭಾಷೆಗಳಾಗುವಾಗ ನಡೆದದ್ದೂ ಇದೇ. ಇಟಲಿಯಲ್ಲಿ ಜೊವಾನ್ನಿ, ಹಳೆಯ ಫ್ರೆಂಚಿನಲ್ಲಿ ಜೆಹಾನ್. 1066ರಲ್ಲಿ ಉತ್ತರ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಾಗ ಈ ಜಕಾರದ ಹೆಸರು ಅವರ ಜೊತೆ ಕಡಲು ದಾಟಿತು. ಮುಂದೆ ಫ್ರಾನ್ಸಿನಲ್ಲಿ ಆ ಜಕಾರವೇ ಮೆತ್ತಗಾಗಿ, ಜ ಮತ್ತು ಶ ನಡುವಿನ ಒಂದು ಸದ್ದಾಗಿ, ಇವತ್ತಿನ ಮೂಗಿನಲ್ಲಿ ಹೇಳುವ ಝಾಂ ಉಳಿಯಿತು. ಇಂಗ್ಲಿಷರು ಮಾತ್ರ ತವರಿನವರು ಬಿಟ್ಟ ಹಳೆಯ ಫ್ರೆಂಚ್ ಜಕಾರವನ್ನು ಇವತ್ತಿಗೂ ಜೋಪಾನ ಮಾಡಿಕೊಂಡಿದ್ದಾರೆ. ಅಕ್ಷರ ಮಾತ್ರ ಸದ್ದಿಗಿಂತ ಬಹಳ ಹಿಂದೆ ಬಿದ್ದಿತ್ತು. 1611ರ ಇಂಗ್ಲಿಷ್ ಬೈಬಲಿನ ಮೊದಲ ಮುದ್ರಣದಲ್ಲೂ ಜಾನ್ ಎನ್ನುವುದನ್ನು 'ಐ' ಅಕ್ಷರದಿಂದಲೇ ಅಚ್ಚು ಹಾಕಿದ್ದಾರೆ. 'ಜೆ' ಎಂಬ ಅಕ್ಷರ ಆಗಿನ್ನೂ ಬೇರೆ ಮನೆ ಮಾಡಿರಲಿಲ್ಲ.

ಸ್ಪೇನಿನಲ್ಲೂ ಒಂದು ಕಾಲಕ್ಕೆ ಫ್ರೆಂಚರಂಥದೇ ಮೆತ್ತಗಿನ ಸದ್ದಿತ್ತು. 16 ಮತ್ತು 17ನೇ ಶತಮಾನಗಳಲ್ಲಿ ಅದು ಶಕಾರವಾಗಿ, ನಂತರ ಗಂಟಲಿಗೆ ಇಳಿದು ಹಕಾರವಾಯಿತು. ಹೀಗೆ ಹ್ವಾನ್. ಹಳಗನ್ನಡದ ಪಾಲು ಹಾಲಾದದ್ದು, ಪಳ್ಳಿ ಹಳ್ಳಿಯಾದದ್ದು ಬೇರೆ ಸದ್ದಿನ ಕತೆ. ಆದರೂ ಒಂದು ನಾಡಿನ ಜನರೆಲ್ಲ ಸೇರಿ, ಯಾರೂ ಹೇಳಿಕೊಡದೆ, ಪದದ ಮೊದಲ ಸದ್ದನ್ನು ಹೀಗೆ ಬದಲಾಯಿಸಿಬಿಡುವುದು ನಮಗೂ ಗೊತ್ತಿರುವುದೇ. ಪಕ್ಕದ ಪೋರ್ಚುಗಲ್ಲಿನಲ್ಲಿ ನಕಾರ ಕರಗಿತು. ಕರಗಿದರೂ ತನ್ನ ಮೂಗುದನಿಯನ್ನು ಬಿಟ್ಟುಹೋಯಿತು. ಅಲ್ಲಿ ಇದು ಝುವಾಂವ್. ಈ ರೂಪವನ್ನು ನೆನಪಿಡಿ, ಅದು ನಮ್ಮ ಕರಾವಳಿಯಲ್ಲಿ ಮತ್ತೆ ಸಿಗುತ್ತದೆ.

ಇವಾನ್‌ನ ವಕಾರ ಎಲ್ಲಿಂದ ಬಂತು? ಶಾಲೆಯಲ್ಲಿ ಓದಿದ ಆಗಮಸಂಧಿಯನ್ನು ಜ್ಞಾಪಿಸಿಕೊಳ್ಳಿ. ಗುರು ಮತ್ತು ಅನ್ನು ಸೇರಿದರೆ ಗುರುವನ್ನು. ಎರಡು ಸ್ವರ ಎದುರುಬದುರಾದಾಗ ನಾಲಗೆಗೆ ಒಂದು ಆಸರೆ ಬೇಕು, ವಕಾರ ನಡುವೆ ಬಂದು ಕೂರುತ್ತದೆ. ಗ್ರೀಕ್ ಚರ್ಚಿನಿಂದ ಬಲ್ಗೇರಿಯಾ, ಸರ್ಬಿಯಾ, ರಷ್ಯಾ ಕಡೆಯ ಸ್ಲಾವ್ ಜನರಿಗೆ ಸಿಕ್ಕ ಇಯೋಆನ್ ಎಂಬ ರೂಪದಲ್ಲಿ ಸ್ವರಗಳೇ ಸಾಲುಗಟ್ಟಿ ನಿಂತಿದ್ದವು. ಆಡುಮಾತಿನಲ್ಲಿ ಅದು ಇವಾನ್ ಆಯಿತು, ಸರ್ಬಿಯಾದಲ್ಲಿ ಯೋವಾನ್. ಇಟಲಿಯ ಜೊವಾನ್ನಿಯಲ್ಲಿರುವ ವಕಾರವೂ ಇಂಥದೇ. ರಷ್ಯಾದ ಚರ್ಚಿನ ಭಾಷೆಯಲ್ಲಿ ಇವತ್ತಿಗೂ ಇಯೋಆನ್ ಎಂದೇ ಹೇಳುತ್ತಾರೆ. ಮನೆಯಲ್ಲಿ ಅದೇ ಹುಡುಗ ವಾನ್ಯಾ. (ನಮ್ಮ ಊರುಗಳಲ್ಲೂ ಈಚೆಗೆ ಮಕ್ಕಳಿಗೆ ಇವಾನ್ ಎಂದು ಹೆಸರಿಡುತ್ತಿದ್ದಾರೆ. ಚಂದದ ಹೆಸರು, ಖಂಡಿತ ಇಡಲಿ. ಆದರೆ ಅದಕ್ಕೆ ಸಂಸ್ಕೃತದ ಮೂಲ ಹಚ್ಚಿ ಸೂರ್ಯ ಎಂದೋ ರಾಜ ಎಂದೋ ಅರ್ಥ ಹೇಳುವ ಮಗುವಿನ ಹೆಸರಿನ ಪಟ್ಟಿಗಳನ್ನು ನಂಬಬೇಡಿ.)

ನಿಮ್ಮ ಮಗನ ಐರಿಷ್ ಸಹೋದ್ಯೋಗಿಯ ಹೆಸರು ನನಗೆ ಎಲ್ಲಕ್ಕಿಂತ ಇಷ್ಟ. ಐರಿಷ್ ಭಾಷೆಯಲ್ಲಿ ಈ ಹೆಸರಿಗೆ ಒಂದಲ್ಲ, ಎರಡು ರೂಪಗಳಿವೆ. ಹಳೆಯದು ಓಯಿನ್. ಅದು ಮಠಗಳ ಸಂನ್ಯಾಸಿಗಳು ಲ್ಯಾಟಿನ್ನಿನಿಂದ ನೇರವಾಗಿ ಪಡೆದದ್ದು. 1169ರಿಂದ ನಾರ್ಮನ್ ಸೈನಿಕರು ಐರ್ಲೆಂಡಿಗೆ ಬಂದು ನೆಲೆಸತೊಡಗಿದರು, ತಮ್ಮ ಜೆಹಾನ್ ಎಂಬ ಹೆಸರನ್ನೂ ತಂದರು. ಐರಿಷ್ ಬಾಯಿಗೆ ಜಕಾರ ಹೊಸದು, ಹತ್ತಿರದ ಶಕಾರದಲ್ಲಿ ಹೇಳಿದರು. ಅದೇ ಶಾನ್. ಹೀಗೆ ಒಂದೇ ದ್ವೀಪದಲ್ಲಿ ಸಂನ್ಯಾಸಿ ತಂದ ಜಾನ್ ಬೇರೆ, ಸೈನಿಕ ತಂದ ಜಾನ್ ಬೇರೆ. ಪಕ್ಕದ ವೇಲ್ಸಿನಲ್ಲೂ ಇದೇ ಜೋಡಿ ಇದೆ. ಹಳೆಯದು ಇಯೋಆನ್, ಆಮೇಲಿನದು ಶಾನ್ ಥರವೇ ಕೇಳುವ ಶೋನ್. ನಾರ್ಮನ್ನರ ಹೆಣ್ಣು ರೂಪ ಜೆಹಾನ್ನೆ ಐರ್ಲೆಂಡಿನಲ್ಲಿ ಶಿವಾನ್ ಆಯಿತು. ಕನ್ನಡದ ಕಿವಿಗೆ ತಟ್ಟನೆ ಶಿವ ನೆನಪಾಗುತ್ತಾನೆ, ಆದರೆ ಅವಳು ಇಂಗ್ಲಿಷಿನ ಜೇನ್‌ಳ ತಂಗಿ. ಇಂಥ ಕಡೆ ಕಿವಿಯನ್ನು ನಂಬಿ ನಂಟು ಕಟ್ಟುವುದು ಅಪಾಯ. ಓಯಿನ್ ಹಾಗೆಯೇ ಕೇಳಿಸುವ ಇನ್ನೊಂದು ಐರಿಷ್ ಹೆಸರಿಗೂ ಯೋಹಾನನಿಗೂ ಸಂಬಂಧವೇ ಇಲ್ಲ. ಜೊನಾಥನ್ ಕೂಡ ಬೇರೆಯೇ ಹೆಸರು, ಅದರ ಅರ್ಥ 'ಯೆಹೋವನು ಕೊಟ್ಟಿದ್ದಾನೆ'.

ಪೋಲೆಂಡಿನ ಯಾನ್ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಪೋಲೆಂಡು ಲ್ಯಾಟಿನ್ ಚರ್ಚಿನ ಕಡೆಯ ನಾಡು, 'ಯ' ಹಾಗೆಯೇ ಉಳಿಯಿತು, ಪದ ಮೊಟಕಾಯಿತು, ಅಷ್ಟೆ.

ಊರಿನಲ್ಲಿ ಒಂದೇ ಹೆಸರಿನವರು ತುಂಬಿಕೊಂಡಾಗ ಕರೆಯುವ ಹೆಸರುಗಳು ಹುಟ್ಟಲೇಬೇಕು. ನಮ್ಮಲ್ಲಿ ಕೃಷ್ಣ ಕಿಟ್ಟಿಯಾಗುತ್ತಾನೆ, ನಾರಾಯಣ ನಾಣಿಯಾಗುತ್ತಾನೆ. ಜರ್ಮನರು ಯೊಹಾನ್ನೆಸ್‌ನ ಮೊದಲನ್ನು ಕತ್ತರಿಸಿ ಹಾನ್ಸ್ ಮಾಡಿದರು. ಇಂಗ್ಲಿಷರು ಜಾನ್‌ಗೆ ಮುದ್ದಿನ ಪ್ರತ್ಯಯ ಸೇರಿಸಿ ಜಾನ್ಕಿನ್ ಎಂದರು, ಅದು ಸವೆದು ಜ್ಯಾಕ್ ಆಯಿತು. ಡೇನರು ಯೆನ್ಸ್ ಎಂದರು. ತಂದೆಯ ಹೆಸರಿಗೆ ಮಗ ಎಂಬ ಪದವನ್ನೋ ಇಂಥವನ ಕಡೆಯವನು ಎನ್ನುವ ಪ್ರತ್ಯಯವನ್ನೋ ಹಚ್ಚಿ ಅಡ್ಡಹೆಸರು ಮಾಡಿಕೊಂಡಾಗ ಜಾನ್ಸನ್, ಜೋನ್ಸ್, ಇವಾನೊವ್, ಯೋವಾನೊವಿಚ್ ಎಲ್ಲ ಬಂದವು. ಡೆನ್ಮಾರ್ಕಿನ ಅತಿ ಸಾಮಾನ್ಯವಾದ ಮೂರು ಅಡ್ಡಹೆಸರುಗಳಲ್ಲಿ ಎರಡು ಯೆನ್ಸನ್ ಮತ್ತು ಹಾನ್ಸನ್. ಎರಡೂ 'ಯೋಹಾನನ ಮಗ' ಎಂದೇ ಅರ್ಥ. ಜರ್ಮನಿಯ ಕೆಲವು ಮನೆತನಗಳಲ್ಲಂತೂ ಯೊಹಾನ್ ಎನ್ನುವುದು ಗಂಡುಮಕ್ಕಳಿಗೆಲ್ಲ ಮೊದಲ ಹೆಸರಾಗಿ ಬಿದ್ದು, ಗುರುತಿಗೆ ಎರಡನೆಯ ಹೆಸರೇ ಗತಿಯಾಗಿತ್ತು. ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ತಂದೆ ಯೊಹಾನ್ ಆಂಬ್ರೋಸಿಯಸ್, ಅಣ್ಣ ಯೊಹಾನ್ ಕ್ರಿಸ್ಟೋಫ್, ಮಗ ಯೊಹಾನ್ ಕ್ರಿಸ್ಟಿಯನ್.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸದ್ದು ಪ್ರಯಾಣ ಮಾಡಿದ ಬಗೆ. ಅರ್ಥ ತಲೆಮರೆಸಿಕೊಂಡೇ ಸಾಗುತ್ತಿತ್ತು. ವಾರ್ಸಾದಲ್ಲಿ ಮಗುವಿಗೆ ಯಾನ್ ಎಂದು ಹೆಸರಿಡುವ ತಾಯಿ ಸಾಮಾನ್ಯವಾಗಿ ಸಂತನನ್ನೋ ಮಗುವಿನ ಅಜ್ಜನನ್ನೋ ನೆನೆಯುತ್ತಾಳೆ, ಹೀಬ್ರೂ ಧಾತುವನ್ನಲ್ಲ. ಆದರೆ ಕೆಲವೊಮ್ಮೆ ಹೆಸರು ಸದ್ದನ್ನು ಬಿಟ್ಟು ಅರ್ಥವನ್ನು ಹೊತ್ತು ದಾಟುವುದೂ ಉಂಟು. 1756ರ ಜನವರಿ 27ರಂದು ಸಾಲ್ಜ್‌ಬರ್ಗಿನಲ್ಲಿ ಹುಟ್ಟಿದ ಮೊಜಾರ್ಟ್‌ಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರುಗಳಲ್ಲಿ ಮೊದಲನೆಯದು ಇದೇ ಯೊವಾನ್ನೆಸ್, ಕೊನೆಯದು ಥಿಯೊಫಿಲಸ್. ದೇವರಿಗೆ ಪ್ರಿಯನಾದವನು ಎಂಬ ಗ್ರೀಕ್ ಹೆಸರು ಅದು. ತಂದೆ ಅದನ್ನು ಜರ್ಮನ್ನಿಗೆ ತಿರುಗಿಸಿ ಗಾಟ್‌ಲೀಬ್ ಎಂದು ಬರೆದ. ಅದರದೇ ಲ್ಯಾಟಿನ್ ರೂಪ ಅಮಾಡಿಯಸ್. ಮೂರರ ಸದ್ದೂ ಬೇರೆ ಬೇರೆ, ಅರ್ಥ ಮಾತ್ರ ಅದೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ಈ ಹೆಸರು ನಮ್ಮಲ್ಲಿಗೂ ಬಂದಿದೆ, ಅದೂ ಹಲವು ದಾರಿಗಳಿಂದ. ಕನ್ನಡ ಬೈಬಲಿನಲ್ಲಿ ಯೋಹಾನ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಯೋಹನ್ನಾನ್, ಉಲಹನ್ನಾನ್. ಇದು ಗ್ರೀಕ್, ಲ್ಯಾಟಿನ್ ಯಾವುದರ ಹಂಗೂ ಇಲ್ಲದೆ ಹೀಬ್ರೂವಿನ ನಂಟಿನ ಸಿರಿಯಕ್ ಭಾಷೆಯಿಂದ ಬಂದದ್ದು, ಹಾಗಾಗಿ ಹೀಬ್ರೂವಿನ ಕೊನೆಯ ನಕಾರ ಅಲ್ಲಿ ಇನ್ನೂ ಉಳಿದಿದೆ. ಮುಸ್ಲಿಮರು ಸ್ನಾನಿಕ ಯೋಹಾನನನ್ನು ಪ್ರವಾದಿ ಯಹ್ಯಾ ಎಂದು ಗೌರವಿಸುತ್ತಾರೆ, ಆ ಹೆಸರಿನವರು ನಮ್ಮ ಊರುಗಳಲ್ಲೂ ಇದ್ದಾರೆ. ಗೋವೆಯಿಂದ ಬಂದು ಕರಾವಳಿಯಲ್ಲಿ ನೆಲೆಸಿದ ಕೊಂಕಣಿ ಕಥೋಲಿಕರಲ್ಲಿ ಇದು ಜುವಾಂವ್. ಆಗ ಹೇಳಿದ ಪೋರ್ಚುಗೀಸ್ ಮೂಗುದನಿ ಇದೇ. ಸೆಬಾಸ್ಟಿಯನ್ ಎಂಬುದರ ಕೊಂಕಣಿ ರೂಪ ಬಸ್ತ್ಯಾಂವ್‌ನಲ್ಲೂ ಅದು ಕೇಳಿಸುತ್ತದೆ. ಗೋವೆಯಲ್ಲಿ ಜೂನ್ 24ರಂದು, ಮಳೆಗಾಲದ ನಡುವೆ, ತಲೆಗೆ ಹೂಬಳ್ಳಿಯ ಕಿರೀಟ ಕಟ್ಟಿಕೊಂಡ ಹುಡುಗರು ತುಂಬಿದ ಬಾವಿಗೆ ಧುಮುಕುತ್ತಾರಲ್ಲ, ಆ ಸಾಂ ಜುವಾಂವ್ ಹಬ್ಬ ಇದೇ ಯೋಹಾನನ ಹುಟ್ಟುಹಬ್ಬ. ಅದೇ ಹೊತ್ತಿಗೆ ಲಾಟ್ವಿಯಾದಲ್ಲಿ ರಾತ್ರಿಯಿಡೀ ಬೆಂಕಿ ಹಾಕಿ, ತಲೆಗೆ ಓಕ್ ಎಲೆಯ ಕಿರೀಟ ಇಟ್ಟುಕೊಂಡು ಯಾನಿ ಹಬ್ಬ ಮಾಡುತ್ತಾರೆ. ಯಾನಿಸ್ ಎನ್ನುವುದು ಅವರ ಜಾನ್.

ಇಷ್ಟು ರೂಪಗಳ ನಡುವೆ ಒಂದು ಮಾತ್ರ ಬೇರೆ ಜಾತಿಯದು. ತಮಿಳಿನಲ್ಲಿ ಅರುಳ್ ಎಂದರೆ ಕೃಪೆ. 1693ರಲ್ಲಿ ಓರಿಯೂರಿನಲ್ಲಿ ತಲೆ ಕೊಟ್ಟ ಪೋರ್ಚುಗೀಸ್ ಪಾದ್ರಿ ಝುವಾಂವ್ ದೆ ಬ್ರಿಟ್ಟೊನನ್ನು ತಮಿಳರು ಅರುಳಾನಂದರ್ ಎಂದು ಕರೆದರು. ಹಳೆಯ ತಮಿಳು ಕಥೋಲಿಕ ಬರಹಗಳಲ್ಲಿ ಸಂತ ಯೋಹಾನನೇ ಅರುಳಪ್ಪರ್. ಕನ್ನಡ ಕಥೋಲಿಕರ ಪ್ರಾರ್ಥನೆಗಳಲ್ಲೂ ಸ್ನಾನಿಕ ಅರುಳಪ್ಪ ಎಂಬ ಹೆಸರಿದೆ. ಯೋಹಾನಾನ್‌ನ ಒಂದು ಸದ್ದೂ ಅದರಲ್ಲಿ ಉಳಿದಿಲ್ಲ, ಆದರೆ ಎಲಿಸಬೇತ್ ತನ್ನ ಮಗುವಿಗೆ ಬಯಸಿದ ಆ ಕೃಪೆ ಎಂಬ ಮಾತು ಅಪ್ಪನನ್ನು ಜೊತೆಗೆ ಸೇರಿಸಿಕೊಂಡು ಹಾಗೆಯೇ ಇದೆ.